ಮೌಸ್‌ಗೆ ಫುಲ್ ಫಾರ್ಮ್ ಇದ್ಯಾ? ಸತ್ಯಾಂಶ ಇದು

ಮೌಸ್ ಅಂದ್ರೆ 'ಮ್ಯಾನ್ಯುಯಲಿ ಆಪರೇಟೆಡ್ ಯೂಸರ್ ಸೆಲೆಕ್ಷನ್ ಇಕ್ವಿಪ್‌ಮೆಂಟ್' ಅಂತ ಜಿಕೆ ಲಿಸ್ಟ್ ಒಂದು ವಾಟ್ಸಾಪಲ್ಲಿ ಓಡಾಡ್ತಿರುತ್ತಲ್ಲ, ಅದು ಸುಳ್ಳು, ಆಮೇಲೆ ಯಾರೋ ಕೂತ್ಕೊಂಡು ಹೊಂದಿಸಿದ್ದು. 1964ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್, ಬಿಲ್ ಇಂಗ್ಲಿಷ್ ಸೇರಿ ಇದನ್ನ ಮಾಡಿದ್ದು; ಮರದ ಪುಟ್ಟ ಡಬ್ಬಿ, ಅಡಿಯಲ್ಲಿ ಎರಡು ಚಕ್ರ, ಮೇಲೆ ಒಂದೇ ಬಟನ್, ಹಿಂದಿಂದ ಬಾಲದ ಥರ ವೈರ್, ನೋಡೋಕೆ ಇಲಿ ಥರಾನೇ ಇತ್ತು ಅಂತ ಲ್ಯಾಬಲ್ಲಿ ಹಂಗೇ ಕರೆಯೋಕೆ ಶುರು ಮಾಡಿದ್ರು, ಮೊದಲು ಕರೆದಿದ್ದು ಯಾರು ಅಂತ ಎಂಗೆಲ್‌ಬಾರ್ಟ್‌ಗೇ ನೆನಪಿರ್ಲಿಲ್ಲ. ಹೊರಗಡೆ ಬಂದಾಗ ಇನ್ನೂ ಗೌರವದ ಹೆಸರು ಸಿಗುತ್ತೆ ಅನ್ಕೊಂಡಿದ್ರಂತೆ, ಪಾಪ, ಸಿಗ್ಲೇ ಇಲ್ಲ. 1970ರ ಪೇಟೆಂಟಲ್ಲಿ ಮಾತ್ರ 'ಎಕ್ಸ್-ವೈ ಪೊಸಿಷನ್ ಇಂಡಿಕೇಟರ್' ಅಂತ ಗಂಭೀರವಾಗಿ ಬರ್ದಿದ್ದಾರೆ. ಆ ಫುಲ್ ಫಾರ್ಮ್ ನಿಜ ಆಗಿದ್ರೆ ಅಲ್ಲಾದ್ರೂ ಇರ್ಬೇಕಿತ್ತು ತಾನೇ? ಅಂಥ ಲಿಸ್ಟಲ್ಲಿ ಬರೋ ಕಂಪ್ಯೂಟರ್ ಫುಲ್ ಫಾರ್ಮ್ ಕೂಡ ಇದೇ ಕಥೆ, ಕಂಪ್ಯೂಟ್ ಅಂದ್ರೆ ಲೆಕ್ಕ ಮಾಡೋದು ಅಷ್ಟೇ.