ನಮ್ಮ ಮೆಣಸು 'ಇತರೆ'ಗೆ ಹೋಯ್ತು

ಹೋದ ಮಳೆಗಾಲದಲ್ಲಿ ನಮ್ಮ ತೋಟಕ್ಕೆ ಒಬ್ಬ ಹುಡುಗ ಸರ್ವೆಗೆ ಬಂದಿದ್ದ. ದೂರದ ಯಾವುದೋ ಸಂಶೋಧನಾ ಸಂಸ್ಥೆಯವನು. ಕೈಯಲ್ಲಿ ಟ್ಯಾಬ್, ಕಾಲಲ್ಲಿ ಚಪ್ಪಲಿ. ಮೂಡಿಗೆರೆ ಕಡೆ ಆ ಮಳೆಯಲ್ಲಿ ಚಪ್ಪಲಿ ಹಾಕ್ಕೊಂಡು ತೋಟಕ್ಕೆ ಇಳಿದರೆ ಏನಾಗುತ್ತೆ ಅಂತ ಗೊತ್ತಲ್ವಾ, ಪ್ರಶ್ನೆ ಕೇಳೋದಕ್ಕಿಂತ ಜಿಗಣೆ ಕೀಳೋದೇ ಜಾಸ್ತಿ ಆಯ್ತು. ಮುಖ್ಯ ಬೆಳೆ ಯಾವುದು ಅಂದ. ಕಾಫಿ, ಆದರೆ ಈ ವರ್ಷ ಮನೆ ನಡೆಸಿದ್ದು ಮೆಣಸು ಅಂದೆ. ಒಂದೇ ಹೇಳಬೇಕಂತೆ. ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿ ತೋರಿಸಿದೆ. ಪಾಪ, ಅದನ್ನು 'ಇತರೆ'ಗೆ ಹಾಕಿಕೊಂಡ.

ಹುಡುಗನ ಮೇಲೆ ಸಿಟ್ಟಿಲ್ಲ. ಪ್ರಶ್ನೆ ಬರೆದವರು ಬೇರೆ ಎಲ್ಲೋ ಕೂತಿದ್ದಾರೆ. ನಮ್ಮಂಥ ದೇಶಗಳಲ್ಲಿ ಸರ್ಕಾರಗಳು ಎಷ್ಟೋ ಯೋಜನೆ ಮಾಡೋದು ಇಂಥ ವರದಿ ಇಟ್ಟುಕೊಂಡೇ. ಎಷ್ಟೋ ಸಲ ವರದಿಗೆ ದುಡ್ಡು ಹೊರದೇಶದ ಫೌಂಡೇಶನ್ನಿನದ್ದು, ಇಲ್ಲಾ ವಿಶ್ವಬ್ಯಾಂಕಿನದ್ದು. ದುಡ್ಡು ಕೊಟ್ಟವರ ಪ್ರಶ್ನೆ ಮೊದಲು, ನಮ್ಮದು ಆಮೇಲೆ.

ಹಾಗಂತ ಸಂಶೋಧನೆಯೇ ದಂಡ ಅನ್ನೋ ಗುಂಪಿನವನಲ್ಲ ನಾನು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ಬೋರರ್ (ಕಾಂಡ ಕೊರೆಯೋ ಹುಳ) ಹೊಡೆದ ಗಿಡ ಕಿತ್ತು ಜೀಪಿಗೆ ಹಾಕ್ಕೊಂಡು ಹೋಗಿ 'ಇದೇನು ನೋಡಿ' ಅನ್ನಬಹುದು. ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ತಿರುವನಂತಪುರದಲ್ಲಿ ಕಟ್ಟಿದ ಸಿಡಿಎಸ್ (ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್) ಸಂಸ್ಥೆ 1975ರಲ್ಲಿ ವಿಶ್ವಸಂಸ್ಥೆಗೆ ಕೇರಳದ ಬಗ್ಗೆ ಒಂದು ಅಧ್ಯಯನ ಮಾಡಿಕೊಟ್ಟಿತು. ಆದಾಯ ಕಮ್ಮಿ, ಆದರೂ ಅಲ್ಲಿನ ಜನ ಜಾಸ್ತಿ ವರ್ಷ ಬದುಕುತ್ತಾರೆ, ಜಾಸ್ತಿ ಓದಿದ್ದಾರೆ ಅಂತ ಲೆಕ್ಕ ಹಾಕಿ ತೋರಿಸಿತು. 'ಕೇರಳ ಮಾದರಿ' ಅನ್ನೋ ಮಾತು ಜಗತ್ತಿಗೆ ಹೋಗಿದ್ದು ಆಮೇಲೆ. ಆ ಊರಲ್ಲೇ ಕೂತು ಕೇಳಿದ ಪ್ರಶ್ನೆ ಅದು.

ನಮ್ಮಲ್ಲೂ ಆಗಿದೆ. ಪ್ರಾದೇಶಿಕ ಅಸಮತೋಲನ ನೋಡೋಕೆ ಸರ್ಕಾರ ಮಾಡಿದ್ದ ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂದಿತು. ತಾಲ್ಲೂಕು ತಾಲ್ಲೂಕು ನೋಡಿದ್ದೇ ದೊಡ್ಡ ವಿಷಯ. ಬರೀ ಜಿಲ್ಲೆಯ ಸರಾಸರಿ ಹಿಡಿದರೆ ಚಿಕ್ಕಮಗಳೂರು ಅಂದ್ರೆ ಕಾಫಿ, ಬಂಗಲೆ, ಹೋಂಸ್ಟೇ. ಕಡೂರಿನ ಒಣ ಬಯಲು ಯಾರ ಕಣ್ಣಿಗೂ ಬೀಳಲ್ಲ.

ಇನ್ನು ಪಶ್ಚಿಮ ಘಟ್ಟದ ಕತೆ. ಘಟ್ಟದ ಪರಿಸರ ಉಳಿಸೋದು ಹೇಗೆ ಅಂತ ಕೇಂದ್ರ ಸರ್ಕಾರ ಮಾಡಿದ್ದ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು, ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಅಂದಿತ್ತು. ಸರ್ಕಾರ ಅದನ್ನು ತಿಂಗಳುಗಟ್ಟಲೆ ಒಳಗೇ ಇಟ್ಟುಕೊಂಡಿತು. ಮಾಹಿತಿ ಹಕ್ಕಿನಲ್ಲಿ ಕೇಳಿ ಕೇಳಿ 2012ರಲ್ಲಿ ಹೊರಗೆ ಬಂತು. ಮುಂದಿನ ವರ್ಷ ಅದೇ ವಿಷಯಕ್ಕೆ ಇನ್ನೊಂದು ಸಮಿತಿಯ ಕಸ್ತೂರಿರಂಗನ್ ವರದಿ, ಉಪಗ್ರಹದ ಚಿತ್ರ ಇಟ್ಟುಕೊಂಡು. ಮೇಲಿಂದ ನೋಡಿದರೆ ನೆರಳು ಮರದ ಕೆಳಗಿನ ಕಾಫಿ ತೋಟ ಕಾಡಿನ ಹಾಗೇ ಕಾಣಲ್ವಾ ಅನ್ನೋದು ನಮ್ಮವರ ತಕರಾರು. ಘಟ್ಟದ ಇಷ್ಟು ಜಾಗ 'ಪರಿಸರ ಸೂಕ್ಷ್ಮ ಪ್ರದೇಶ' ಅಂತ ಘೋಷಿಸೋಕೆ 2014ರಿಂದ ಕರಡು ಅಧಿಸೂಚನೆ ಮೇಲೆ ಕರಡು ಅಧಿಸೂಚನೆ. ಕರ್ನಾಟಕದ್ದೇ 20,668 ಚದರ ಕಿಲೋಮೀಟರ್.

ಒಂದು ಸತ್ಯ ಹೇಳಿಬಿಡ್ತೀನಿ, ಬೈಬೇಡಿ. ಇದರ ವಿರುದ್ಧ ಪೇಟೆಯಲ್ಲಿ ಮೆರವಣಿಗೆ ಆದಾಗ ನಾನೂ ಗಂಟಲು ಹರಿದು ಕೂಗಿದ್ದೆ. ಎರಡರಲ್ಲಿ ಒಂದು ವರದಿಯ ಒಂದು ಪುಟ ಕೂಡ ಓದಿರಲಿಲ್ಲ. ಪಕ್ಕದಲ್ಲಿ ಕೂಗುತ್ತಿದ್ದವರೂ ಓದಿದ ಹಾಗೆ ಕಾಣಲಿಲ್ಲ. ಆಮೇಲೆ ಗಾಡ್ಗೀಳರದ್ದು ಇಂಗ್ಲಿಷಿನಲ್ಲೇ ಅಲ್ಲಲ್ಲಿ ಓದಿದೆ. ನಮ್ಮ ಊರಿನವರನ್ನು ಕೇಳದೆ ಏನೂ ಮಾಡಬೇಡಿ ಅನ್ನೋ ಧಾಟಿಯಲ್ಲೇ ಬರೆದಿದ್ದಾರೆ ಮನುಷ್ಯ!

ಯಾರ ಹತ್ರ ಆದ್ರೂ ಅದರ ಕನ್ನಡ ಪ್ರತಿ ಇದ್ದರೆ ಇನ್‌ಬಾಕ್ಸಿಗೆ ಕಳಿಸಿ. ಮುಂದಿನ ಗ್ರಾಮಸಭೆಗೆ ಜೆರಾಕ್ಸ್ ಖರ್ಚು ನನ್ನದು, ಮೆಣಸಿನ ದುಡ್ಡಲ್ಲಿ.