ಎರಡನೇ ರಿಮೋಟಿನವನ ಶಿಫಾರಸು

ಕಳೆದ ಭಾನುವಾರ ಸಂಜೆ ನಾನು ನನ್ನ ಸ್ವಂತ ಅಣ್ಣನ ಕೈಯಲ್ಲಿ 11 ಸಲ ಸತ್ತೆ. ಸಿಟ್ಟಿನ ಭರದಲ್ಲಿ ಸಂಖ್ಯೆಯನ್ನು ಉಬ್ಬಿಸಿ ಹೇಳುತ್ತಿಲ್ಲ. ಪಕ್ಕದಲ್ಲಿ ಕುಳಿತಿದ್ದ ಅವನ ಮಗನೇ ಬೆರಳು ಮಡಚಿ ಎಣಿಸಿದ್ದಾನೆ. ಅಣ್ಣನಿಗೆ ಈಗ 47 ವರ್ಷ. ಬ್ಯಾಂಕಿನಲ್ಲಿ ಮ್ಯಾನೇಜರು, ಊಟಕ್ಕೆ ಮುಂಚೆ ಒಂದು ಮಾತ್ರೆ, ಊಟವಾದ ಮೇಲೆ ಎರಡು, ನೆಂಟರಿಷ್ಟರಲ್ಲಿ ಆಸ್ತಿ ಪಾಲಿನ ಜಗಳವೆದ್ದರೆ ಮೊದಲು ಕರೆಸುವುದು ಇವನನ್ನೇ. ಇಂಥ ನ್ಯಾಯಸ್ಥನ ಕೈಗೆ ಕಾಂಟ್ರಾ ಎಂಬ ಹಳೆಯ ವಿಡಿಯೋ ಗೇಮಿನ ರಿಮೋಟ್ ಕೊಟ್ಟ ಕೂಡಲೇ ಅವನು 1994ರ ಬೇಸಿಗೆ ರಜೆಗೆ ಹಿಂದಿರುಗಿ, ಅಂದು ಮಾಡುತ್ತಿದ್ದ ಅನ್ಯಾಯವನ್ನೇ ಅದೇ ಮಂದಹಾಸದೊಂದಿಗೆ ಮುಂದುವರಿಸಬಲ್ಲ ಎಂಬುದು ನನಗೆ ತಿಳಿಯದ ಸಂಗತಿಯೇನಲ್ಲ, ಮರೆತಿದ್ದೆ, ಅಷ್ಟೆ.

ಇದಕ್ಕೆಲ್ಲ ಕಾರಣ ಅವನ ಮಗನ ಒಂದು ಮುಗ್ಧ ಪ್ರಶ್ನೆ. ಪಿಯುಸಿ ಪರೀಕ್ಷೆ ಮುಗಿಸಿ ನಾಲ್ಕು ದಿನ ಇದ್ದುಹೋಗಲು ಬಂದಿದ್ದ ಹುಡುಗ, "ಚಿಕ್ಕಪ್ಪ, ನಿಮ್ಮ ಕಾಲದ ವಿಡಿಯೋ ಗೇಮ್‌ಗಳಲ್ಲಿ ಈಗಲೂ ಕೂತು ಆಡುವಂಥವು ಯಾವುವು?" ಎಂದು ಕೇಳಿದ. "ನಿಮ್ಮ ಕಾಲದ" ಎಂಬ ಮಾತು ಸ್ವಲ್ಪ ಚುಚ್ಚಿತಾದರೂ, ಮನೆಯಲ್ಲಿ ಯಾರಾದರೂ ನನ್ನ ಅಭಿಪ್ರಾಯ ಕೇಳಿ ಬಹಳ ದಿನಗಳಾಗಿದ್ದುದರಿಂದ ನಾನು ಉಬ್ಬಿಹೋದೆ. ಬಾಯಲ್ಲಿ ಹೇಳಿದರೆ ಸಾಲದೆಂದು, ಟಿವಿಯ ಹಿಂದೆ ಸಿಕ್ಕಿಸುವ, ಹೆಬ್ಬೆರಳಿನಷ್ಟು ದಪ್ಪದ ಒಂದು ಸ್ಟಿಕ್ಕನ್ನು ಆನ್‌ಲೈನಿನಲ್ಲಿ ತರಿಸಿದೆ. ಜೊತೆಗೆ ವೈರಿಲ್ಲದ ಎರಡು ರಿಮೋಟುಗಳು ಬಂದವು, ಅವುಗಳ ಸೆಲ್ಲು ಮಾತ್ರ ಬರಲಿಲ್ಲ. ಡಬ್ಬಿಯ ಮೇಲೆ 10,000 ಆಟಗಳೆಂದು ಅಚ್ಚಾಗಿತ್ತು. ಒಂದೊಂದನ್ನು ಹತ್ತೇ ನಿಮಿಷ ಆಡಿದರೂ, ನಿದ್ದೆ ಊಟ ಬಿಟ್ಟು ಸುಮಾರು 70 ದಿನ ಕೂರಬೇಕಾಗುತ್ತದೆ. ಆದರೆ ಪಟ್ಟಿಯನ್ನು ಕೆಳಕ್ಕೆ ಸರಿಸುತ್ತ ಹೋದಂತೆ ಹಳೆಯ ಪರಿಚಯದ ಮೋಸವೊಂದು ಹಲ್ಲು ಕಿರಿಯಿತು. ಒಂದೇ ಮಾರಿಯೋ ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣದ ಅಂಗಿಯಲ್ಲಿ, ಮದುವೆ ಊಟಕ್ಕೆ ಎರಡನೇ ಪಂಕ್ತಿಯಲ್ಲಿಯೂ ಬಂದು ಕೂರುವವನಂತೆ ಮತ್ತೆ ಮತ್ತೆ ಎದುರಾಗುತ್ತಿದ್ದ.

ನಮ್ಮ ದಾವಣಗೆರೆಯ ಮನೆಗೆ ಬಂದ ಮೊದಲ ಕ್ಯಾಸೆಟ್ಟಿನ ಮೇಲೆಯೂ 9999 ಆಟಗಳೆಂದೇ ಬರೆದಿತ್ತು. ಅದಕ್ಕೆ ಕಾರ್ಟ್ರಿಜ್ ಎಂಬ ಹೆಸರಿದೆಯೆಂದು ತಿಳಿಯುವ ಹೊತ್ತಿಗೆ ನನಗೆ ಮೀಸೆ ಬಂದಿತ್ತು. ನಮಗೆಲ್ಲ ಅದು ಕ್ಯಾಸೆಟ್ಟೇ. ಬೇಸಿಗೆ ರಜೆಯಲ್ಲಿ ಅಂಗಡಿಯಿಂದ ದಿನಬಾಡಿಗೆಗೆ ತಂದು, ಚಿತ್ರ ಬರದಿದ್ದರೆ ತೆಗೆದು ಬುಡಕ್ಕೆ ಉಫ್ ಎಂದು ಊದಿ ಮತ್ತೆ ಹಾಕುತ್ತಿದ್ದೆವು. ಊದಿದ್ದರಿಂದ ಏನೂ ಆಗುತ್ತಿರಲಿಲ್ಲವೆಂದೂ, ತೆಗೆದು ಹಾಕಿದ್ದರಿಂದಲೇ ಅದು ಸರಿಯಾಗುತ್ತಿತ್ತೆಂದೂ, ನಮ್ಮ ಎಂಜಲಿನ ತೇವದಿಂದ ಒಳಗಿನ ಲೋಹದ ಪಟ್ಟಿಗಳು ಹಾಳಾಗುವ ಸಂಭವವೇ ಹೆಚ್ಚೆಂದೂ ಈಗ ಓದಿ ತಿಳಿದುಕೊಂಡಿದ್ದೇನೆ. ಅಣ್ಣನಿಗೆ ಹೇಳಿದರೆ ನಂಬುವುದಿಲ್ಲ. ಅವನ ಪ್ರಕಾರ ನಾನು ಊದಿದ್ದರಿಂದ ಏನೂ ಆಗುತ್ತಿರಲಿಲ್ಲ, ಅವನು ಊದಿದರೆ ಆಗುತ್ತಿತ್ತು.

ಮೂಲ ಯಂತ್ರ ನಿಂಟೆಂಡೋ ಕಂಪನಿಯ ಫ್ಯಾಮಿಕಾಂ, ಜಪಾನಿನಲ್ಲಿ 1983ರಲ್ಲಿ ಬಂದದ್ದು. ನಮ್ಮ ಊರಿನವರೆಗೆ ತಲುಪಿದ್ದು ಅದಲ್ಲ, ಅದರ ನಕಲು. ಆ ಮೂಲ ಯಂತ್ರದಲ್ಲಿ, ಆಟ ಶುರುಮಾಡುವ, ನಡುವೆ ನಿಲ್ಲಿಸುವ ಸ್ಟಾರ್ಟ್ ಮತ್ತು ಅದರ ಜೊತೆಯ ಸೆಲೆಕ್ಟ್ ಎಂಬ ಗುಂಡಿಗಳು ಒಂದನೇ ರಿಮೋಟಿಗೆ ಮಾತ್ರ ಇದ್ದವು, ಎರಡನೆಯದಕ್ಕೆ ಇರಲಿಲ್ಲ. ನಕಲು ಮಾಡಿದವರು ಉಳಿದ ವಿಷಯಗಳಲ್ಲಿ ಏನೆಲ್ಲ ಕೈಬಿಟ್ಟರೂ ಈ ಒಂದು ತಾರತಮ್ಯವನ್ನು ನಿಷ್ಠೆಯಿಂದ ಉಳಿಸಿಕೊಂಡಿದ್ದರು. ಒಂದನೇ ರಿಮೋಟು ಯಾರದೆಂಬುದನ್ನು ನಮ್ಮ ಮನೆಯಲ್ಲಿ ಯಾರೂ ಚರ್ಚಿಸಿದ ನೆನಪಿಲ್ಲ. ಹೀಗಾಗಿ ನನ್ನ ಬಾಲ್ಯದ ನಾಲ್ಕು ಬೇಸಿಗೆ ರಜೆಗಳಲ್ಲಿ, ಮೂತ್ರಕ್ಕೆ ಎದ್ದುಹೋಗಬೇಕೆಂದರೂ ಆಟ ನಿಲ್ಲಿಸುವ ಅಧಿಕಾರ ನನಗಿರಲಿಲ್ಲ; ಅಣ್ಣನಿಗೆ ಅರ್ಜಿ ಹಾಕಿಕೊಂಡು, ಅವನು ಆ ಶತ್ರುವನ್ನು ಮುಗಿಸುವವರೆಗೆ ಕಾಲು ಒತ್ತಿಕೊಂಡು ಕೂರಬೇಕಿತ್ತು.

ಹುಡುಗನಿಗೆ ನಾನು ಮೊದಲು ಹಾಕಿಕೊಟ್ಟದ್ದು 1985ರ ಸೂಪರ್ ಮಾರಿಯೋ ಬ್ರದರ್ಸ್. ಇದನ್ನು ಹಳೆಯ ನೆನಪಿನ ಮಮಕಾರದಿಂದ ಹೇಳುತ್ತಿಲ್ಲ. 32 ಹಂತಗಳ ಆ ಇಡೀ ಆಟ 40 ಕಿಲೋಬೈಟಿನಲ್ಲಿ ಅಡಗಿದೆ. ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ದೊಡ್ಡಮಾವ ಕಳಿಸುವ ಗುಲಾಬಿ ಹೂವಿನ ಚಿತ್ರ ಅದಕ್ಕಿಂತ ದೊಡ್ಡದು. ಜಾಗ ಉಳಿಸಲೆಂದು ಆಕಾಶದ ಮೋಡವನ್ನೇ ಹಸಿರು ಬಣ್ಣ ಬಳಿದು ನೆಲದಲ್ಲಿ ಪೊದೆಯಾಗಿ ನಿಲ್ಲಿಸಿದ್ದಾರೆ, ಒಮ್ಮೆ ಗಮನಿಸಿದರೆ ಮತ್ತೆ ಕಣ್ಣು ತಪ್ಪಿಸಲಾಗದು. ಅದಕ್ಕಿಂತ ಹೆಚ್ಚಾಗಿ, ಇಂದಿನ ಆಟಗಳಂತೆ ಅರ್ಧ ಗಂಟೆ ಪಾಠ ಹೇಳುವ ಕಾಟವಿಲ್ಲ. ಮೊದಲ ಪರದೆಯಲ್ಲೇ ಒಂದು ಅಣಬೆಯಂಥ ಪ್ರಾಣಿ ಎದುರಿಗೆ ನಡೆದು ಬರುತ್ತದೆ. ಹಾರದಿದ್ದರೆ ಸಾಯುತ್ತೀರಿ, ಸತ್ತ ಮೇಲೆ ಹಾರುತ್ತೀರಿ, ಪಾಠ ಮುಗಿಯಿತು. ಮಾರಿಯೋ ಓಡುತ್ತಿದ್ದವನು ತಟ್ಟನೆ ನಿಲ್ಲದೆ ಒಂದಿಷ್ಟು ಜಾರುವುದಿದೆಯಲ್ಲ, ಆ ಜಾರುವಿಕೆಯ ಹದ 40 ವರ್ಷಗಳಾದರೂ ಕೆಟ್ಟಿಲ್ಲ.

ಇಬ್ಬರು ಆಡುವುದಕ್ಕೆ ಮಾತ್ರ ಇದು ತಕ್ಕ ಆಟವಲ್ಲ. ಮೊದಲನೆಯವನು ಸತ್ತರಷ್ಟೇ ಎರಡನೆಯವನ ಸರದಿ. ಅಣ್ಣ ಸುಲಭಕ್ಕೆ ಸಾಯುತ್ತಿರಲಿಲ್ಲ. ಒಮ್ಮೆ ತಡೆಯಲಾರದೆ ನಾನು ಅಡುಗೆಮನೆಗೆ ಹೋಗಿ, "ಅಣ್ಣ ಯಾವಾಗ ಸಾಯ್ತಾನಮ್ಮ?" ಎಂದು ಅಳುತ್ತ ಕೇಳಿದಾಗ, ಪಕ್ಕದ ಮನೆಯವರೊಂದಿಗೆ ಹಪ್ಪಳದ ಹಿಟ್ಟು ನಾದುತ್ತಿದ್ದ ಅಮ್ಮ ಹಿಟ್ಟಿನ ಕೈಯಲ್ಲೇ ನನ್ನ ಬಾಯಿ ಮುಚ್ಚಿ, "ಬಿಡ್ತು ಅನ್ನು, ಬಿಡ್ತು ಅನ್ನು" ಎಂದು ಮೂರು ಸಲ ಹೇಳಿಸಿದ್ದರು.

ಟ್ಯಾಂಕಿನ ಆಟ, ಅಂದರೆ ನಾಮ್ಕೋ ಕಂಪನಿಯ ಬ್ಯಾಟಲ್ ಸಿಟಿ, ಮಾರಿಯೋ ಬಂದ ವರ್ಷದಲ್ಲೇ ಬಂದದ್ದು. ಒಂದು ಹಂತಕ್ಕೆ 20 ಶತ್ರು ಟ್ಯಾಂಕುಗಳು, ಕೆಳಗೆ ಇಟ್ಟಿಗೆ ಗೂಡಿನಲ್ಲಿ ಕಾಪಾಡಬೇಕಾದ ಒಂದು ಹದ್ದು. ಇದನ್ನು ನಾನು ಕಣ್ಣು ಮುಚ್ಚಿಕೊಂಡು ಶಿಫಾರಸು ಮಾಡುತ್ತೇನೆ, ಏಕೆಂದರೆ ಜೊತೆಗಾರನ ಗುಂಡು ತಗುಲಿದರೆ ಇಲ್ಲಿ ಸಾವಿಲ್ಲ. ಸ್ವಲ್ಪ ಹೊತ್ತು ನಿಂತಲ್ಲೇ ಕಲ್ಲಾಗುತ್ತೇವೆ, ಅಷ್ಟೆ. ನಮ್ಮ ಗುಂಡಿನಿಂದಲೇ ನಮ್ಮ ಹದ್ದೂ ಉರುಳಬಹುದು. ಸೋಲುವುದು ಖಚಿತವಾದಾಗ ಅಣ್ಣ ಬೇಕೆಂದೇ ಹದ್ದನ್ನು ಹೊಡೆದು, "ನಿನ್ನ ಕಡೆಯಿಂದ ಬಂತು" ಎನ್ನುತ್ತಿದ್ದ.

ಕಾಂಟ್ರಾದ ವಿಷಯಕ್ಕೆ ಬರುತ್ತೇನೆ. ಬಂದೂಕು ಹಿಡಿದ ಇಬ್ಬರು ಬರಿಮೈ ಯೋಧರು, ಎಂಟು ಹಂತ, ಗುಂಡು ತಾಗಿದರೆ ಒಂದೇ ಏಟಿಗೆ ಸಾವು. 1988ರಲ್ಲಿ ಮನೆಯ ಟಿವಿಗೆಂದು ಬಂದ ಇದರ ಆವೃತ್ತಿಯನ್ನು ಮೂರೇ ಮೂರು ಲೈಫ್‌ನಲ್ಲಿ ಮುಗಿಸುವುದು ಸಾಮಾನ್ಯರ ಕೆಲಸವಲ್ಲವಾದ್ದರಿಂದ ಎಲ್ಲರೂ ಮಂತ್ರ ಹಾಕುತ್ತಿದ್ದರು: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಹಾಕಿದರೆ 30 ಲೈಫ್. ಕೊನಾಮಿ ಕಂಪನಿಯ ಕಜುಹಿಸಾ ಹಷಿಮೊಟೊ ಎಂಬುವರು 1986ರ ಗ್ರಾಡಿಯಸ್ ಆಟವನ್ನು ಪರೀಕ್ಷಿಸುವಾಗ ಅದು ತಮಗೇ ಕಷ್ಟವಾಯಿತೆಂದು ಸೇರಿಸಿಕೊಂಡ ಅಡ್ಡದಾರಿ ಅದು. ಗಾಯತ್ರಿ ಮಂತ್ರಕ್ಕಿಂತ ಮೊದಲು ನನಗೆ ಬಾಯಿಪಾಠವಾದದ್ದು ಇದೇ. ಅದನ್ನು ಒತ್ತುವ ಹಕ್ಕು ಯಾರದಾಗಿತ್ತೆಂದು ಬೇರೆ ಹೇಳಬೇಕಾಗಿಲ್ಲ.

ಮೂರನೇ ಹಂತ ಜಲಪಾತ. ಮೊದಲ ಹಂತದಲ್ಲಿ ಬಲಕ್ಕೆ ಓಡುತ್ತಿದ್ದವರು ಇಲ್ಲಿ ಬಂಡೆಯಿಂದ ಬಂಡೆಗೆ ಜಿಗಿಯುತ್ತ ಮೇಲೇರಬೇಕು. ಇಬ್ಬರಲ್ಲಿ ಮೇಲಿದ್ದವನು ಏರಿದಂತೆ ಪರದೆಯೂ ಏರುತ್ತದೆ, ಏರಿದ ಪರದೆ ಮತ್ತೆ ಇಳಿಯುವುದಿಲ್ಲ, ಮತ್ತು ಪರದೆಯ ಕೆಳಗಿನ ಅಂಚಿಗಿಂತ ಕೆಳಗುಳಿದವನು ಯಾವ ಶತ್ರುವೂ ಮುಟ್ಟದೆ, ಯಾವ ಗುಂಡೂ ತಾಗದೆ, ಕೇವಲ ಹಿಂದುಳಿದ ತಪ್ಪಿಗಾಗಿ ಸಾಯುತ್ತಾನೆ. ಆಟ ರಚಿಸಿದವರಿಗೆ ಅಣ್ಣತಮ್ಮಂದಿರಿದ್ದರೋ ಇಲ್ಲವೋ ಗೊತ್ತಿಲ್ಲ. ಇದ್ದಿದ್ದರೆ ಅವರು ಖಂಡಿತ ಹಿರಿಯರೇ ಆಗಿದ್ದಿರಬೇಕು.

ಅಣ್ಣ ಜಲಪಾತ ಏರುವ ರೀತಿ ಹೀಗೆ. ಮೊದಲ ಎರಡು ಬಂಡೆಗಳನ್ನು ನನ್ನ ಜೊತೆಯಲ್ಲೇ ಏರುತ್ತಾನೆ. ಮೂರನೆಯದರ ಬಳಿ ನಿಂತು, ತೊಡೆ ಕೆರೆದುಕೊಂಡು, "ನಿಧಾನಕ್ಕೆ ಹೋಗೋಣ" ಎನ್ನುತ್ತಾನೆ. ಈ ಮಾತನ್ನು ಕೇಳಿದ ನಾನು ಒಂದು ಕ್ಷಣ ಮೈಮರೆತು, ಎದುರಿನಿಂದ ಬಂದವನಿಗೆ ಗುಂಡು ಹಾರಿಸಲು ತೊಡಗುತ್ತೇನೆ. ಅಷ್ಟರಲ್ಲಿ ಮೇಲೆ ಎಲ್ಲೋ ಎಸ್ ಅಕ್ಷರದ ಬಿಲ್ಲೆಯೊಂದು ಹಾರುತ್ತದೆ, ಒಂದೇ ಸಲಕ್ಕೆ ಐದು ದಿಕ್ಕಿಗೆ ಗುಂಡು ಹರಡುವ ಬಂದೂಕು ಅದು. ಅಣ್ಣನಿಗೆ ಜಗತ್ತು ಮರೆಯುತ್ತದೆ. ಎರಡು ಬಂಡೆ, ಮೂರು ಬಂಡೆ, ನಾಲ್ಕು ಬಂಡೆ. ಪರದೆ ಸರ್ರನೆ ಮೇಲೇರುತ್ತದೆ, ನನ್ನ ಕಾಲು ಹೋಗುತ್ತದೆ, ಸೊಂಟ ಹೋಗುತ್ತದೆ, ಕೊನೆಗೆ ತಲೆಯೂ ಹೋಗುತ್ತದೆ. "ಬಾರೋ, ಮೇಲೆ ಯಾರೂ ಇಲ್ಲ" ಎಂದು ಅವನು ಕರೆಯುವ ಹೊತ್ತಿಗೆ ಕೆಳಗೆ ನಾನೂ ಇರುವುದಿಲ್ಲ. ಇದೇ ಕ್ರಮದಲ್ಲಿ, ಇದೇ ಮಾತುಗಳೊಂದಿಗೆ, ಭಾನುವಾರ 11 ಸಲ.

ಇಲ್ಲಿಗೆ ಮುಗಿದಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ಈ ಆಟದಲ್ಲಿ ಲೈಫ್ ಮುಗಿಸಿಕೊಂಡವನು ಜೊತೆಗಾರನ ಬಳಿ ಉಳಿದ ಲೈಫನ್ನು ತೆಗೆದುಕೊಂಡು ಆಡಲು ಅವಕಾಶವಿದೆ. ಕಾರು ಸಾಲಕ್ಕೆ ಬಂದವರಿಂದ ಮೂರು ವರ್ಷದ ಆದಾಯ ತೆರಿಗೆ ಪತ್ರ, ಎರಡು ಜಾಮೀನು ಕೇಳುವ ಬ್ಯಾಂಕ್ ಮ್ಯಾನೇಜರು, ಮುಂದಿನ ಹಂತಗಳಲ್ಲಿ ತನ್ನ ಮೂವತ್ತನ್ನೂ ಉಡಾಯಿಸಿ, ಒಂದು ಮಾತು ಕೇಳದೆ ನನ್ನ ಖಾತೆಯಿಂದ ಆರು ಲೈಫ್ ತೆಗೆದುಕೊಂಡ. "ಇದು ನನ್ನದು" ಎಂದರೆ, "ನೀನು ಹೇಗೂ ಸಾಯೋದಕ್ಕೇ ತಾನೆ ಇಟ್ಟುಕೊಂಡಿದ್ದೀಯ" ಎಂದ. ಮಗನಿಗೂ ಕನಿಕರ ಬಂದು, "ಅಪ್ಪ, ಚಿಕ್ಕಪ್ಪನಿಗೆ ಸ್ವಲ್ಪ ಕಾಯಬೇಕಿತ್ತು" ಎಂದಾಗ, ಅಣ್ಣ ಪರದೆಯಿಂದ ಕಣ್ಣು ತೆಗೆಯದೆ, "ಅವನು ಮೊದಲಿಂದಲೂ ನಿಧಾನ" ಎಂದುಬಿಟ್ಟ. ಈ ವಾಕ್ಯ ಇನ್ನೂ ನನ್ನ ಗಂಟಲಿನಲ್ಲಿ ಸಿಕ್ಕಿಕೊಂಡಿದೆ.

1996ರಲ್ಲಿ ಅಣ್ಣ ಓದಲು ಬೆಂಗಳೂರಿನ ಹಾಸ್ಟೆಲಿಗೆ ಹೋದಾಗ ಒಂದನೇ ರಿಮೋಟು ನನಗೆ ಸಿಕ್ಕಿತು. ಅಂದು ಸಂಜೆ ಬಾಗಿಲು ಹಾಕಿಕೊಂಡು ಮಂತ್ರವನ್ನು ನಾನೇ ಒತ್ತಿದೆ, ಜಲಪಾತವನ್ನು ಒಂದು ಸಲವೂ ಬೀಳದೆ ಏರಿದೆ, ಎಸ್ ಬಿಲ್ಲೆಗಳೆಲ್ಲ ನನಗೇ ಸಿಕ್ಕವು. ತುದಿಗೆ ಬಂದಾಗ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದೆ. ಎರಡನೇ ರಿಮೋಟು ಚಾಪೆಯ ಮೇಲೆ ವೈರು ಸುತ್ತಿಕೊಂಡು ಬಿದ್ದಿತ್ತು. ಆ ವಾರ ಕ್ಯಾಸೆಟ್ಟನ್ನು ಎರಡು ದಿನ ಮೊದಲೇ ಅಂಗಡಿಗೆ ಹಿಂದಿರುಗಿಸಿದೆ.

ಹುಡುಗನ ಪಟ್ಟಿಗೆ ಉಳಿದವನ್ನು ಬೇಗ ಹೇಳಿ ಮುಗಿಸಿದೆ. ನಮ್ಮ ಬಾಲ್ಯಕ್ಕೆ ದಕ್ಕದೆ, ಕಂಪ್ಯೂಟರ್ ಬಂದ ಮೇಲೆ ತಡವಾಗಿ ಆಡಿದ ಸೂಪರ್ ನಿಂಟೆಂಡೋ ಎಂಬ ಮುಂದಿನ ಯಂತ್ರದ ಆಟಗಳಲ್ಲಿ 1991ರ ಝೆಲ್ಡಾ ಮತ್ತು 1995ರ ಕ್ರೋನೋ ಟ್ರಿಗರ್ ಒಂಟಿಯಾಗಿ ಆಡುವವನಿಗೆ ಇಂದಿಗೂ ಹಬ್ಬ. ಘೋಸ್ಟ್ಸ್ ಆ್ಯಂಡ್ ಗಾಬ್ಲಿನ್ಸ್ ಬೇಡ. ಉಸಿರು ಬಿಗಿಹಿಡಿದು ಕೊನೆಯವರೆಗೆ ಗೆದ್ದವನಿಗೆ, ಇದೆಲ್ಲ ಮಾಯೆ, ಮತ್ತೆ ಮೊದಲಿನಿಂದ ಬಾ ಎಂದು ಹೇಳುವ ಆಟವದು, ಅಂಥ ಅನುಭವಕ್ಕೆ ಸರ್ಕಾರಿ ಕಚೇರಿಗಳಿವೆ. ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಯಾರಿಗಾದರೂ ಸಲ್ಲುತ್ತದೆ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಾಜಿಟ್ನೋವ್ ರಚಿಸಿದ ಆ ಆಟದ ನಿಂಟೆಂಡೋ ಆವೃತ್ತಿಯನ್ನು, ಯಂತ್ರವೇ ಕೈಚೆಲ್ಲಿ ನಿಂತುಹೋಗುವವರೆಗೆ ಮೊದಲ ಸಲ ಆಡಿದವನು 13 ವರ್ಷದ ಒಬ್ಬ ಅಮೆರಿಕನ್ ಹುಡುಗ, ಅದೂ 2023ರ ಡಿಸೆಂಬರಿನಲ್ಲಿ. ನಾವು ಅಣ್ಣತಮ್ಮ ಕೂಗಾಡಿ ಸುಸ್ತಾದ ಮೇಲೆ ಅತ್ತಿಗೆ ರಿಮೋಟ್ ತೆಗೆದುಕೊಂಡು, ಫ್ರಿಜ್ಜಿನಲ್ಲಿ ಡಬ್ಬಿಗಳನ್ನು ಜೋಡಿಸುವಷ್ಟೇ ನಿರ್ಲಿಪ್ತರಾಗಿ ಅದನ್ನು ಮುಕ್ಕಾಲು ಗಂಟೆ ಆಡಿದರು.

ಅಷ್ಟು ಹೊತ್ತೂ ದಿವಾನದ ಮೇಲೆ ಕುಳಿತು ನೋಡುತ್ತಿದ್ದ ಅಮ್ಮ, "ಆ ನಗುವ ನಾಯಿ ಎಲ್ಲಿ?" ಎಂದು ಕೇಳಿದರು. ಅಮ್ಮ ಆಡಿದ ಒಂದೇ ಆಟ ಡಕ್ ಹಂಟ್. ಪರದೆಯ ಬಾತುಕೋಳಿಗೆ ಗುರಿಯಿಡುವ ಆಟಿಕೆ ಬಂದೂಕು ಕೈಗೆ ಕೊಟ್ಟರೆ, ಬಾತುಕೋಳಿ ಪಾಪ ಎಂದು ಅದನ್ನು ಬಿಟ್ಟು, ಗುರಿ ತಪ್ಪಿದವರನ್ನು ನೋಡಿ ಹುಲ್ಲಿನಿಂದೆದ್ದು ನಗುವ ನಾಯಿಗೆ ಗುಂಡು ಹೊಡೆಯುತ್ತಿದ್ದರು. ನಾಯಿಗೆ ಏನೂ ಆಗುವುದಿಲ್ಲವೆಂದು ನಾವು ಎಷ್ಟು ಹೇಳಿದರೂ ಬಿಡುತ್ತಿರಲಿಲ್ಲ. ಪಟ್ಟಿಯಲ್ಲಿ ಆಟವೇನೋ ಇತ್ತು, ಬಂದೂಕು ಇರಲಿಲ್ಲ. ಹಳೆಯ ಬಂದೂಕು ಸಿಕ್ಕರೂ ಪ್ರಯೋಜನವಿಲ್ಲ. ಅದರಿಂದ ಏನೂ ಹೊರಕ್ಕೆ ಹೋಗುವುದಿಲ್ಲ, ಅದು ನೋಡುತ್ತದೆ ಅಷ್ಟೆ: ಕುದುರೆ ಒತ್ತಿದ ಗಳಿಗೆಯಲ್ಲಿ ಪರದೆ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ, ಆ ಬೆಳಕು ಮೂತಿಗೆ ಬಿದ್ದರೆ ಏಟು ತಗುಲಿದಂತೆ. ಡಬ್ಬಾ ಟಿವಿಗಳು ಆ ಮಿಂಚನ್ನು ತಕ್ಷಣ ತೋರಿಸುತ್ತಿದ್ದವು. ಈಗಿನ ತೆಳು ಟಿವಿ ಚಿತ್ರ ಮೂಡಿಸುವಷ್ಟರಲ್ಲಿ ಒಂದು ಚಿಟಿಕೆ ತಡಮಾಡುತ್ತದೆ, ಬಂದೂಕು ಅಷ್ಟು ಕಾಯುವುದಿಲ್ಲ. ಅಮ್ಮ ಸುಮ್ಮನೆ ನೋಡಲಿ ಎಂದು ಆಟ ಹಚ್ಚಿದೆ. ಬಾತುಕೋಳಿಗಳು ಒಂದೊಂದಾಗಿ ಹಾರಿಹೋದವು, ನಾಯಿ ಪ್ರತಿ ಸಲ ಎದ್ದು ನಕ್ಕಿತು, ಅಮ್ಮನೂ ನಕ್ಕರು.

ಆಗಲೇ ಅಣ್ಣ ಇನ್ನೊಂದು ಬಾಂಬು ಸಿಡಿಸಿದ. ಒಂದೊಂದೇ ಬಾತುಕೋಳಿ ಹಾರುವ ಆಟದಲ್ಲಿ, ಪಕ್ಕದವನು ರಿಮೋಟ್ ಹಿಡಿದು ಬಾತುಕೋಳಿಯನ್ನು ತನಗೆ ಬೇಕಾದತ್ತ ಹಾರಿಸಬಹುದಂತೆ. ನಾಲ್ಕು ಬೇಸಿಗೆ ರಜೆ ನಾನು ಕಣ್ಣು ಕಿರಿದು ಮಾಡಿ ಗುರಿಯಿಡುತ್ತಿದ್ದಾಗ, ಅವನು ದುಪ್ಪಟಿಯ ಅಡಿಯಲ್ಲಿ ಒಂದನೇ ರಿಮೋಟ್ ಹಿಡಿದು ಕೂತಿರುತ್ತಿದ್ದನಂತೆ. ಇದನ್ನು ನನ್ನ ಹೆಂಡತಿಯ ಮುಂದೆ ನಗುತ್ತ ಹೇಳಿದ.

ಯುಗಾದಿಗೆ ಮತ್ತೆ ಬರುತ್ತಾರಂತೆ. ಎರಡೂ ರಿಮೋಟುಗಳನ್ನು ಒರೆಸಿ ಸಿದ್ಧವಾಗಿಟ್ಟಿದ್ದೇನೆ. ಎರಡನೆಯದಕ್ಕೆ ಹೊಸ ಸೆಲ್ಲು ಹಾಕಿದ್ದೇನೆ. ಒಂದನೆಯದಕ್ಕೆ, ಟಿವಿ ರಿಮೋಟಿನಿಂದ ತೆಗೆದ, ಹಲ್ಲಿನಲ್ಲಿ ಕಚ್ಚಿ ಕಚ್ಚಿ ಎರಡು ವಾರ ಹೆಚ್ಚಿಗೆ ದುಡಿಸಿಕೊಂಡ ಹಳೆಯ ಸೆಲ್ಲುಗಳಿವೆ; ನನ್ನ ಅಂದಾಜಿನಲ್ಲಿ ಅವು ಜಲಪಾತದ ಮೂರನೇ ಬಂಡೆಯವರೆಗೆ ಬರಬಹುದು.