ಅಪರಿಚಿತ ಸಾಧನವಂತೆ!

ಇಪ್ಪತ್ತು ವರ್ಷ ನನ್ನ ಜೊತೆ ಒಂದೇ ಕೋಣೆಯಲ್ಲಿದ್ದ ಪ್ರಿಂಟರನ್ನು ನನ್ನದೇ ಕಂಪ್ಯೂಟರು ಈಗ ‘ಅಪರಿಚಿತ ಸಾಧನ’ ಎಂದು ಕರೆಯುತ್ತಿದೆ. ಪಕ್ಕದಲ್ಲೊಂದು ಹಳದಿ ತ್ರಿಕೋನ, ಅದರೊಳಗೊಂದು ಆಶ್ಚರ್ಯಸೂಚಕ ಚಿಹ್ನೆ. ಆಶ್ಚರ್ಯವಾಗಬೇಕಾದದ್ದು ನನಗೆ, ಅದಕ್ಕಲ್ಲ.

ಆದದ್ದಿಷ್ಟು. ಶಿರಸಿಯ ಕಡೆ ದೀಪಾವಳಿಯೆಂದರೆ ದೊಡ್ಡ ಹಬ್ಬ. 2025ರ ಹಬ್ಬಕ್ಕೆ ಬೆಂಗಳೂರಿನಿಂದ ಬಂದ ತಂಗಿಯ ಮಗ, ಗೋಪೂಜೆ ಮುಗಿದು ಹೋಳಿಗೆ ಊಟವೂ ಮುಗಿದ ಮೇಲೆ, ಮಾಡಲು ಬೇರೆ ಕೆಲಸವಿಲ್ಲದೆ ನನ್ನ ಕಂಪ್ಯೂಟರಿನ ಮುಂದೆ ಕುಳಿತ. “ದೊಡ್ಡಮ್ಮಾ, ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೇ ಮುಗಿದಿದೆ. ಇನ್ನು ಸುರಕ್ಷತೆಯ ತೇಪೆ ಬರುವುದಿಲ್ಲ. 11 ಹಾಕಿಬಿಡುತ್ತೇನೆ” ಎಂದ. ಹಾಕು ಎಂದೆ. ಬ್ಯಾಂಕಿನ ವ್ಯವಹಾರವೆಲ್ಲ ಅದರಲ್ಲೇ ನಡೆಯುತ್ತದೆ, ಕಳ್ಳರಿಗೆ ಬಾಗಿಲು ತೆರೆದಿಟ್ಟು ಮಲಗುವುದು ಬೇಡ ಎಂದು ನನಗೂ ಅನ್ನಿಸಿತು. ಹೆಸರು ನೋಂದಾಯಿಸಿಕೊಂಡರೆ ಹಳೆಯದಕ್ಕೇ ಇನ್ನೊಂದು ವರ್ಷ ತೇಪೆ ಸಿಗುತ್ತಿತ್ತು ಎಂಬ ಸಂಗತಿ ನನಗೆ ಗೊತ್ತಾದದ್ದು ಆಮೇಲೆ. ಅವನಿಗೆ ಮೊದಲೇ ಗೊತ್ತಿತ್ತೋ ಇಲ್ಲವೋ ಕೇಳಲಿಲ್ಲ. ಹಬ್ಬದ ದಿನ ಮಕ್ಕಳನ್ನು ಬೈಯಬಾರದು.

ಮೂರು ತಾಸಿನಲ್ಲಿ ಎಲ್ಲ ಮುಗಿಯಿತು. ತೆರೆ ಚಂದ, ಬಣ್ಣ ಚಂದ. ಮರುದಿನ ಅವನು ಬಸ್ಸು ಹತ್ತಿದ. ಅದರ ಮರುದಿನ ನಾನು ಮುದ್ರಣದ ಗುಂಡಿ ಒತ್ತಿದೆ.

ನಾನು ನಿವೃತ್ತ ಕನ್ನಡ ಶಿಕ್ಷಕಿ. ನಮ್ಮೂರಿನ ಮಹಿಳಾ ತಾಳಮದ್ದಲೆ ತಂಡಕ್ಕೆ ಪ್ರಸಂಗದ ಪದ್ಯಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಕೊಡುವುದು ನನ್ನ ಪಾಲಿನ ಸೇವೆ. ನಮ್ಮ ಭಾಗವತರಿಗೆ ಎರಡೂ ಕಣ್ಣಿನ ಪೊರೆ ತೆಗೆಸಿ ಆಗಿದೆ. ದೇವಸ್ಥಾನದ ಮಂದ ಬೆಳಕಿನಲ್ಲಿ ಓದಲು ಅವರಿಗೆ ಅಕ್ಷರ 20 ಪಾಯಿಂಟ್ ಇರಲೇಬೇಕು. ಒಂದು ಪದ್ಯ ಎರಡು ಪುಟಕ್ಕೆ ಹರಿಯಲೂ ಕೂಡದು, ಏಕೆಂದರೆ ಕೈಯಲ್ಲಿ ಜಾಗಟೆ ಹಿಡಿದವರು ಪುಟ ತಿರುವುವುದು ಹೇಗೆ? ಕಾರ್ತಿಕ ದೀಪೋತ್ಸವಕ್ಕೆ ಹದಿಮೂರು ದಿನ ಉಳಿದಿತ್ತು. 46 ಪುಟ.

ಪ್ರಿಂಟರಿನ ವಿಷಯವನ್ನೂ ಹೇಳಬೇಕು, ಇಲ್ಲವಾದರೆ ನನ್ನ ಸಿಟ್ಟು ನಿಮಗೆ ಅತಿಯೆನಿಸೀತು. 2005ರಲ್ಲಿ ಹುಬ್ಬಳ್ಳಿಯಿಂದ ತಂದ ಕಪ್ಪು-ಬಿಳುಪಿನ ಲೇಸರ್ ಪ್ರಿಂಟರ್ ಅದು. ಬಸ್ಸಿನಲ್ಲಿ ಮಡಿಲಿನ ಮೇಲಿಟ್ಟುಕೊಂಡು ತಂದದ್ದು. ಕಂಪನಿಯ ಹೆಸರು ಹೇಳುವುದಿಲ್ಲ, ಹೇಳಿದರೆ ಪ್ರಚಾರವಾದೀತು. ಘಟ್ಟದ ಮೇಲಿನ ಮಳೆಗಾಲ ಎಂಥದ್ದೆಂದು ಗೊತ್ತಿರುವವರಿಗೆ ಕಾಗದದ ಕಷ್ಟವೂ ಗೊತ್ತು. ಆಷಾಢದಲ್ಲಿ ಹಾಳೆ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಒಂದು ಕೇಳಿದರೆ ಮೂರು ಒಳಗೆ ಹೋಗುತ್ತದೆ. ಅದಕ್ಕೇ ಕಟ್ಟನ್ನು ತಗಡಿನ ಡಬ್ಬಿಯಲ್ಲಿ ಹಾಕಿ ಅಡುಗೆಮನೆಯ ಅಟ್ಟದ ಮೇಲೆ, ಒಲೆಯ ಕಾವು ತಾಗುವಲ್ಲಿ ಇಡುತ್ತೇನೆ. ಕಾಗದ ಎಳೆಯುವ ರಬ್ಬರಿನ ಉರುಳೆ ಸವೆದು ನುಣುಪಾದಾಗ ಒದ್ದೆ ಬಟ್ಟೆಯಿಂದ ಒರೆಸಿ, ಬೆರಳಿನಿಂದ ತಿರುಗಿಸುತ್ತ ಪೂರ್ತಿ ಸುತ್ತು ಒಣಗಿಸುತ್ತೇನೆ. ಒರಟು ಮರಳಿ ಬರುತ್ತದೆ, ಇನ್ನೊಂದು ಮಳೆಗಾಲ ಕಳೆಯುತ್ತದೆ. ಟೋನರ್ ಎಂಬ ಕಪ್ಪು ಪುಡಿ ತುಂಬುವುದನ್ನೂ ಕಲಿತಿದ್ದೇನೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಅಂಗಳದ ಮೂಲೆಯಲ್ಲಿ, ಗಾಳಿಯಿಲ್ಲದ ಹೊತ್ತು ನೋಡಿ. ಈಗಲೂ ಅದರ ಹಿಂಬದಿಯ ಪುಟ್ಟ ಗುಂಡಿಯನ್ನು ಪೆನ್ನಿನ ತುದಿಯಿಂದ ಒತ್ತಿದರೆ ಅಚ್ಚುಕಟ್ಟಾದ ಅಡ್ಡ ಗೆರೆಗಳ ಪರೀಕ್ಷಾ ಹಾಳೆ ಹೊರಬರುತ್ತದೆ. ಅಂದರೆ ಯಂತ್ರಕ್ಕೆ ಏನೂ ಆಗಿಲ್ಲ. ಉರುಳೆ ತಿರುಗುತ್ತದೆ, ಕಾವು ಬರುತ್ತದೆ, ಕಪ್ಪು ಕಪ್ಪಾಗಿಯೇ ಬೀಳುತ್ತದೆ.

ಹಾಗಾದರೆ ಆದದ್ದೇನು? ಫೋನಿನಲ್ಲಿ ತಂಗಿಯ ಮಗ ಎರಡು ದಿನ ಹುಡುಕಿ ವಿವರಿಸಿದ. ಈ ಜಾತಿಯ ಅಗ್ಗದ ಲೇಸರ್ ಪ್ರಿಂಟರಿಗೆ ಸ್ವಂತ ತಲೆ ಇರುವುದಿಲ್ಲವಂತೆ. ಪುಟದ ಚಿತ್ರವನ್ನು ಚುಕ್ಕಿ ಚುಕ್ಕಿಯಾಗಿ ಬಿಡಿಸುವುದೆಲ್ಲ ಕಂಪ್ಯೂಟರೇ. ಪ್ರಿಂಟರು ಆ ಚುಕ್ಕಿಗಳನ್ನು ಕಾಗದಕ್ಕೆ ಇಳಿಸುತ್ತದೆ, ಅಷ್ಟೇ. ನಡುವೆ ಡ್ರೈವರ್ ಎಂಬ ದುಭಾಷಿ ಇಲ್ಲದಿದ್ದರೆ ಇಬ್ಬರೂ ಮುಖ ಮುಖ ನೋಡಿಕೊಂಡು ಕೂರಬೇಕು. ಕಂಪನಿ ಆ ದುಭಾಷಿಯನ್ನು ಬರೆದದ್ದು ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ, ಕಂಪ್ಯೂಟರ್ ವ್ಯವಸ್ಥೆಯ ಹಳೆಯ ಬಗೆಯಾದ 32 ಬಿಟ್‌ಗೆ ಮಾತ್ರ. 2019ರಲ್ಲಿ ಶಿರಸಿ ಪೇಟೆಯಲ್ಲಿ ನನಗೆ ಕಂಪ್ಯೂಟರ್ ಜೋಡಿಸಿಕೊಟ್ಟ ಹುಡುಗ ಜಾಣ. “ಟೀಚರ್, ನಿಮ್ಮ ಪ್ರಿಂಟರ್ ಉಳಿಯಬೇಕೆಂದರೆ 32 ಬಿಟ್‌ನದ್ದೇ ಹಾಕಬೇಕು” ಎಂದು ಹಾಗೆಯೇ ಹಾಕಿದ್ದ. ಆ ಮಾತಿನ ಬೆಲೆ ನನಗೆ ಈಗ ತಿಳಿಯುತ್ತಿದೆ. ವಿಂಡೋಸ್ 11ರಲ್ಲಿ 32 ಬಿಟ್‌ನ ಆವೃತ್ತಿಯೇ ಇಲ್ಲ, ಮತ್ತು 64 ಬಿಟ್‌ನ ವ್ಯವಸ್ಥೆ 32 ಬಿಟ್‌ನ ಡ್ರೈವರನ್ನು ಹೊಸ್ತಿಲ ಒಳಗೂ ಬಿಡುವುದಿಲ್ಲ.

ಸರಿ, ಕಾಲ ಬದಲಾಗುತ್ತದೆ, ಒಪ್ಪೋಣ. ಮುದ್ರಣದ ಸರದಿಯನ್ನು ಕಾಯುವ ಸ್ಪೂಲರ್ ಎಂಬ ಭಾಗದಲ್ಲಿ 2021ರಲ್ಲಿ ದೊಡ್ಡ ಬಿರುಕು ಕಂಡು ಲೋಕವೆಲ್ಲ ಗಾಬರಿಯಾಗಿತ್ತು, ಹಳೆಯ ಡ್ರೈವರುಗಳನ್ನು ಅನುಮಾನದಿಂದ ನೋಡಲು ಕಾರಣವಿದೆ ಎಂದೂ ಹುಡುಗ ಹೇಳಿದ. ಇರಲಿ. ಆದರೆ ಪ್ರಿಂಟರ್ ಮಾಡಿ ಮಾರಿದ ಕಂಪನಿ ಆ ದುಭಾಷಿಗೆ ಹೊಸ ಮಾತು ಕಲಿಸಬಹುದಿತ್ತಲ್ಲ? ಕಲಿಸಲಿಲ್ಲ. ತನಗೆ ಬರುವುದಿಲ್ಲವಾದರೆ ಬರುವವರಿಗೆ ಗುಟ್ಟು ಬಿಟ್ಟುಕೊಡಬಹುದಿತ್ತಲ್ಲ? ಅದನ್ನೂ ಮಾಡಲಿಲ್ಲ. ನಮ್ಮ ಮನೆಯ ಮೆಟ್ಟುಗತ್ತಿ ಅತ್ತೆಯವರ ಅತ್ತೆಯ ಕಾಲದ್ದು. ಪ್ರತಿ ಕೊಯ್ಲಿಗೂ ಮಸೆದು, ಹಿಡಿ ಹಾಳಾದರೆ ಬದಲಿಸಿ, ಈ ವರ್ಷವೂ ಅದರ ಮೇಲೇ ಅಡಿಕೆ ಸುಲಿಯುತ್ತೇವೆ. ಜಗಲಿಗೆ ಹೊಸ ಟೈಲ್ಸ್ ಹಾಕಿಸಿದ ಮರುದಿನ ಯಾರಾದರೂ ಬಂದು, “ಈ ನೆಲಕ್ಕೆ ನಿಮ್ಮ ಮೆಟ್ಟುಗತ್ತಿ ಹೊಂದುವುದಿಲ್ಲ, ಹೊಸದು ಕೊಳ್ಳಿ” ಎಂದರೆ ನಮ್ಮ ಅತ್ತೆಯವರು ಅದೇ ಕತ್ತಿ ಹಿಡಿದು ಏಳುತ್ತಿದ್ದರು.

ಕಂಪನಿಯ ಜಾಲತಾಣಕ್ಕೆ ಹೋದೆ. ಮಾದರಿ ಆರಿಸಿ ಎಂದಿತು, ಆರಿಸಿದೆ. ವ್ಯವಸ್ಥೆ ಆರಿಸಿ ಎಂದಿತು, ಆರಿಸಿದೆ. ಒಂದು ಚಕ್ರ ಗರಗರ ತಿರುಗಿ ‘ಲಭ್ಯವಿಲ್ಲ’ ಎಂದಿತು. ಕೆಳಗೇ ಹೊಸ ಪ್ರಿಂಟರುಗಳ ಚಿತ್ರ, ಬೆಲೆಯ ಸಮೇತ! ಸಾವಿನ ಸುದ್ದಿ ಹೇಳಿದ ಬಾಯಲ್ಲೇ ಸಂಬಂಧದ ಜಾತಕ ಮುಂದಿಟ್ಟ ಹಾಗೆ. ಬೇರೆ ಕಡೆ ಹುಡುಕಿದರೆ ಡ್ರೈವರ್ ಕೊಡುತ್ತೇವೆ ಎನ್ನುವ ತಾಣಗಳು ನೂರಾರು. ಒಂದೊಂದರಲ್ಲೂ ನಾಲ್ಕು ಹಸಿರು ಗುಂಡಿ, ಒತ್ತಿದರೆ ಬರುವುದು ಡ್ರೈವರಲ್ಲ, ನಿಮ್ಮ ಕಂಪ್ಯೂಟರಿನಲ್ಲಿ 312 ದೋಷಗಳಿವೆ ಎಂಬ ಬೆದರಿಕೆ. ವ್ಯವಸ್ಥೆಯದ್ದೇ ದೋಷಪರಿಹಾರಕ ಓಡಿಸಿದೆ. ಅದು ಐದು ನಿಮಿಷ ಯೋಚಿಸಿ ಯಾವ ತೊಂದರೆಯೂ ಕಂಡುಬರಲಿಲ್ಲ ಎಂದಿತು. ತೊಂದರೆ ಕುರ್ಚಿಯ ಮೇಲೆ ಕುಳಿತಿದೆ ಎಂಬ ಅರ್ಥವಿರಬಹುದು.

ಗ್ರಾಹಕ ಸೇವೆಗೆ ಕರೆ ಮಾಡಿದ್ದು ಇನ್ನೊಂದು ಪುರಾಣ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕೊಟ್ಟಿಗೆಯ ಹಿಂದಿನ ದಿಬ್ಬದ ಮೇಲೆ. ಅಲ್ಲಿ ನಿಂತು ಹದಿನೆಂಟು ನಿಮಿಷ ಸಂಗೀತ ಕೇಳಿದೆ. ಕೊನೆಗೆ ಬಂದ ಹುಡುಗಿ ಸೀರಿಯಲ್ ನಂಬರ್ ಕೇಳಿದಳು. ದಿಬ್ಬದ ಮೇಲೆ ಪ್ರಿಂಟರ್ ಹೊತ್ತುಕೊಂಡು ಹೋಗಿರಲಿಲ್ಲ, ತಪ್ಪು ನನ್ನದೇ. ಓಡಿ ಬಂದು ಬರೆದುಕೊಂಡು ಹೋಗುವಷ್ಟರಲ್ಲಿ ಕರೆ ಕಡಿದಿತ್ತು. ಎರಡನೆಯ ಸಲ ನಂಬರ್ ಕೊಟ್ಟೆ. “ಮೇಡಂ, ಈ ಮಾದರಿ ನಮ್ಮ ಪಟ್ಟಿಯಲ್ಲೇ ಇಲ್ಲ” ಎಂದಳು. ಹಾಗಾದರೆ ಇಪ್ಪತ್ತು ವರ್ಷ ನಾನು ಮುದ್ರಿಸಿದ್ದು ಯಾವುದರಲ್ಲಿ? “ಹಳೆಯದನ್ನು ಬದಲಾಯಿಸಿಕೊಳ್ಳುವ ಯೋಜನೆ ಇದೆ, ಹೇಳಲೇ?” ಎಂದಳು. ಬೇಡ ತಾಯಿ ಎಂದೆ. ಅವಳದ್ದೇನು ತಪ್ಪು, ಎದುರಿಗಿದ್ದ ಚೀಟಿ ಓದುತ್ತಾಳೆ.

ಊರಿನವರ ಉಪದೇಶವೂ ಇದೇ. ಹೊಸದು ತಗೊಳ್ಳಿ, ಈಗ ಎಲ್ಲ ಅಗ್ಗ. ನಾದಿನಿಯ ಮನೆಯಲ್ಲಿ ಅಗ್ಗದ ಶಾಯಿ ಪ್ರಿಂಟರ್ ಇದೆ. ಎರಡು ತಿಂಗಳು ಮುಟ್ಟದೆ ಬಿಟ್ಟರೆ ಶಾಯಿ ಮೂತಿಯಲ್ಲಿ ಒಣಗಿ, ನೀಲಿ ಬಂದರೆ ಕೆಂಪಿಲ್ಲ, ಕೆಂಪು ಬಂದರೆ ಕಪ್ಪಿಲ್ಲ. ಟೋನರ್ ಪುಡಿಗೆ ಒಣಗುವ ಮಾತೇ ಇಲ್ಲ, ವರ್ಷ ಬಿಟ್ಟು ಎಬ್ಬಿಸಿದರೂ ಏಳುತ್ತದೆ. ಇಂಥ ಗಟ್ಟಿ ಜೀವವನ್ನು ಗುಜರಿಯವನ ತಕ್ಕಡಿಗೆ ಹಾಕಬೇಕೇ? ಕಿಲೋ ಲೆಕ್ಕದಲ್ಲಿ?

ದೀಪೋತ್ಸವ ಹತ್ತಿರ ಬಂದಂತೆ ಸೋತು, ಪೆನ್‌ಡ್ರೈವ್ ಹಿಡಿದು ಶಿರಸಿಯ ಬಸ್ಸು ಹತ್ತಿದೆ. ಜೆರಾಕ್ಸ್ ಅಂಗಡಿಯಲ್ಲಿ ನನ್ನ ಕಡತ ತೆರೆದರೆ ಪದ್ಯದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಅದರ ನೆತ್ತಿಯ ಮೇಲೆ ಚುಕ್ಕಿ, ಬಾಲ, ಕೊಂಬು. ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ, ಹಳೆಯ ನುಡಿ ಫಾಂಟಿನಲ್ಲಿ ಟೈಪು ಮಾಡಿದ್ದು ನಾನು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಭಾಮಿನಿ ಷಟ್ಪದಿಯೂ ಒಂದೇ, ಬೈಗುಳವೂ ಒಂದೇ. ಸಾಲಿನಲ್ಲಿ ಹಿಂದೆ ಏಳೆಂಟು ಜನ, ಪಹಣಿ, ಆಧಾರ್ ಹಿಡಿದು ನಿಂತವರು. ಅಂಗಡಿಯವನು ಮೃದುವಾಗಿಯೇ “ಅಕ್ಕಾ, ಪಿಡಿಎಫ್ ಮಾಡಿಕೊಂಡು ಬನ್ನಿ” ಎಂದ. ಬಸ್ಸಿನ ದುಡ್ಡು ನೀರಿನಲ್ಲಿ ಹೋಮ. ಆ ಸಂಜೆ ಮನೆಯವರ ಮೇಲೂ ರೇಗಿದೆ. ಅವರು ಮಾಡಿದ ತಪ್ಪೆಂದರೆ ಚಹಾ ಕೇಳಿದ್ದು.

ಕೊನೆಗೆ ದಾರಿ ಸಿಕ್ಕಿದ್ದು ಅಟ್ಟದಲ್ಲಿ. ತಂಗಿಯ ಮಗನೇ ಕಾಲೇಜಿನಲ್ಲಿ ಬಳಸಿ ಬಿಟ್ಟಿದ್ದ ಲ್ಯಾಪ್‌ಟಾಪ್ ಅಲ್ಲಿ ಧೂಳು ತಿನ್ನುತ್ತಿತ್ತು. ಬ್ಯಾಟರಿ ಸತ್ತಿದೆ, ತಂತಿ ಚುಚ್ಚಿದರೆ ಬದುಕುತ್ತದೆ. ಅದರಲ್ಲಿ ವಿಂಡೋಸಿನ ಬದಲು ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆ ಇತ್ತು. ಪಾಪಪ್ರಜ್ಞೆ ಕಾಡಿರಬೇಕು, ಅವನು ರಾತ್ರಿ ಹತ್ತೂವರೆಗೆ ಫೋನ್ ಮಾಡಿ ಒಂದೊಂದೇ ಸಾಲು ಹೇಳಿದ, ನಾನು ಸ್ಪೀಕರ್ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತಿದೆ. ಗೀಟು ಎಂದರೆ ಮೇಲಿನದೋ ಕೆಳಗಿನದೋ ಎಂದು ಮೂರು ಸಲ ಜಗಳವಾಯಿತು. ಹನ್ನೆರಡಕ್ಕೆ ಹತ್ತು ನಿಮಿಷ ಇದ್ದಾಗ ಪ್ರಿಂಟರಿನ ಹಸಿರು ದೀಪ ಎರಡು ಸಲ ಮಿಟುಕಿತು. ಉರುಳೆ ಕೆಮ್ಮಿತು. ಮೊದಲ ಹಾಳೆ ಬೆಚ್ಚಗೆ ಕೈಗೆ ಬಂತು, ಗಣಪತಿ ಸ್ತುತಿ, 20 ಪಾಯಿಂಟ್.

ಸಿಟ್ಟು ಇಳಿಯಬೇಕಿತ್ತು, ನಿಜವಾಗಿ ಏರಿದ್ದೇ ಆಗ. ಕಂಪನಿ ‘ಲಭ್ಯವಿಲ್ಲ’ ಎಂದು ಕೈತೊಳೆದುಕೊಂಡ ಡ್ರೈವರನ್ನು ಯಾರೋ ಹೊರಗಿನವರು, ಪ್ರಿಂಟರಿಗೆ ಹೋಗುವ ಚುಕ್ಕಿಗಳ ಭಾಷೆಯನ್ನು ತಾವೇ ಕುಳಿತು ಬಿಡಿಸಿ, ಬರೆದು, ಪುಕ್ಕಟೆಯಾಗಿ ಕೊಟ್ಟಿದ್ದಾರೆ. ನನ್ನಿಂದ ದುಡ್ಡು ಎಣಿಸಿಕೊಂಡವರಿಗೆ ಆಗದ್ದು, ನನ್ನ ಹೆಸರೇ ಕೇಳದವರಿಗೆ ಆಯಿತು! ಅಮೆರಿಕದಲ್ಲಿ ಎಂಐಟಿ ಎಂಬ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬುವರಿಗೆ 1980ರ ಸುಮಾರಿಗೆ ಇದೇ ಬಗೆಯ ಅನುಭವವಾಗಿತ್ತಂತೆ. ಲೇಸರ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ತಿಳಿಯುವಂತೆ ಮಾಡೋಣವೆಂದು ಅವರು ಹೊರಟರೆ, ಅದರ ತಂತ್ರಾಂಶದ ಮೂಲಸಂಕೇತ ಇದ್ದವರು ಅದನ್ನು ಕೊಡಲು ನಿರಾಕರಿಸಿದರು. ಆ ಕಹಿಯೂ ಒಂದು ಕಾರಣವಾಗಿ ಸ್ಟಾಲ್‌ಮನ್ 1983ರಲ್ಲಿ, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. ನಾನು ಅಷ್ಟು ದೊಡ್ಡವಳಲ್ಲ, ನನ್ನ ಕಹಿ ಈ ಬರಹಕ್ಕೇ ಮುಗಿಯುತ್ತದೆ.

ಸುಖವಾಗಿದೆ ಎಂದುಕೊಳ್ಳಬೇಡಿ. ಈ ಯಂತ್ರದ ಸ್ಮರಣೆ ವಿದ್ಯುತ್ ಇರುವಷ್ಟು ಹೊತ್ತು ಮಾತ್ರ. ಪ್ರತಿ ಸಲ ಚಾಲೂ ಮಾಡಿದಾಗಲೂ ಕಂಪ್ಯೂಟರು ಅದಕ್ಕೆ ‘ನೀನು ಪ್ರಿಂಟರು’ ಎಂದು ಮೊದಲಿನಿಂದ ಹೇಳಿಕೊಡಬೇಕು. ಗಾಳಿ ಬೀಸಿದರೆ ಕರೆಂಟು ಹೋಗುವ ಊರು ನಮ್ಮದು. 46 ಪುಟ ಮುಗಿಸುವಷ್ಟರಲ್ಲಿ ನಾಲ್ಕು ಸಲ ಹೇಳಿಕೊಟ್ಟೆ. ಮೂವತ್ತೊಂದು ವರ್ಷ ಕಾಗುಣಿತ ಹೇಳಿಕೊಟ್ಟವಳಿಗೆ ಅದೇನು ಹೊಸತಲ್ಲ, ಆದರೆ ಮಕ್ಕಳು ಕರೆಂಟು ಹೋದೊಡನೆ ಮರೆಯುತ್ತಿರಲಿಲ್ಲ.

ನಿನ್ನೆ ಮೊಬೈಲಿಗೆ ಆ ಕಂಪನಿಯಿಂದ ಸಂದೇಶ ಬಂದಿದೆ. ‘ನಿಮ್ಮ ದೂರನ್ನು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಅಂಕ ನೀಡಿ.’ ಕನ್ನಡಕ ಹಾಕಿಕೊಂಡು, ದಿಬ್ಬ ಹತ್ತಿ, ಸೊನ್ನೆ ಒತ್ತಿ ಕಳಿಸಿದೆ. ತಕ್ಷಣ ಉತ್ತರ ಬಂತು: ‘ಅಮಾನ್ಯ. ದಯವಿಟ್ಟು 1ರಿಂದ 5ರೊಳಗೆ ಆಯ್ಕೆ ಮಾಡಿ.’